ಮಳೆ ಬಿಟ್ಟರೂ ಮರದ ಹನಿ

ಮಾರ್ಚಿ ತಿಂಗಳಲ್ಲಿ ಹದವಾದ ಒಂದು ಮಳೆ ಬಿದ್ದು ಎಂಟು ಹತ್ತು ದಿನ ಕಳೆದ ಮೇಲೆ ಹಾಸನದಿಂದ ಸಕಲೇಶಪುರದ ಕಡೆಗೆ ಹೋದವರಿಗೆ ಆ ದಾರಿಯ ಚೆಲುವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಆಲೂರು ಸೀಮೆಯ ಬಯಲು ಮುಗಿದು ಬಾಳ್ಳುಪೇಟೆ ಹಿಂದಾಗುತ್ತಲೆ ರಸ್ತೆಯ ಎರಡು ಬದಿಗೂ ಕಾಫಿಯ ಗಿಡಗಳು ರೆಂಬೆರೆಂಬೆಗೂ ಬಿಳಿಯ ಹೂವನ್ನು ಹೊದ್ದು ನಿಂತಿರುತ್ತವೆ. ಮಲ್ಲಿಗೆಯನ್ನು ನೆನಪಿಗೆ ತರುವ ಪರಿಮಳ ಬಸ್ಸಿನೊಳಕ್ಕೂ ನುಗ್ಗುತ್ತದೆ. ಪಟ್ಟಣದಿಂದ ಬಂದವರು ‘ಆಹಾ’ ಎನ್ನುತ್ತಾರೆ. ತೋಟದವರು ಮಾತ್ರ ಹೂವನ್ನು ನೋಡಿ ಮನಸ್ಸಿನಲ್ಲೇ ಮೂಟೆಗಳ ಲೆಕ್ಕ ಹಾಕುತ್ತಾರೆ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಮೂಟೆಯ ಲೆಕ್ಕದ ಉಸಾಬರಿ ಏಕೆಂದು ಓದುಗರು ಕೇಳಬಹುದು. ನಾನು ಬೆಳೆದದ್ದು ಆ ಲೆಕ್ಕದ ನಡುವೆಯೇ. ಆಲೂರು ತಾಲ್ಲೂಕಿನಲ್ಲಿ ನಮ್ಮ ತಂದೆಗೆ ಐದಾರು ಎಕರೆಯ ತೋಟ. ನಾನು ಚಿಕ್ಕವನಾಗಿದ್ದಾಗ ಮನೆಗೆ ಬಂದ ನೆಂಟರು ಕ್ಷೇಮಸಮಾಚಾರ ಮುಗಿಸಿದೊಡನೆ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಪೂಲಿಗೆ ಹಾಕಿದ್ದಾಯ್ತೇ? ಪೂಲಿನ ದುಡ್ಡು ಬಂತೇ?’ ಈ ‘ಪೂಲು’ ಎಂಬುದನ್ನು ನಾನು ಬಹುಕಾಲ ಕನ್ನಡದ ಮಾತೆಂದೇ ತಿಳಿದಿದ್ದೆ. ಹಳಗನ್ನಡದಲ್ಲಿ ‘ಪೂ’ ಎಂದರೆ ಹೂವು ಎಂದು ಶಾಲೆಯಲ್ಲಿ ಕಲಿತ ಮೇಲೆ ಇದಕ್ಕೂ ಅದಕ್ಕೂ ಏನೋ ನಂಟಿರಬೇಕೆಂದು ಊಹಿಸಿದ್ದೂ ಉಂಟು. ಅದು ಇಂಗ್ಲಿಷಿನ ಮಾತು; ಎಲ್ಲರ ಬೆಳೆಯನ್ನೂ ಒಂದೇ ರಾಶಿಗೆ ಸುರಿಯುವುದು ಎಂದು ಅದರ ಅರ್ಥ. ಆ ರಾಶಿಯ ಒಡೆತನ ಬೆಳೆದವನದಲ್ಲ, ಸರ್ಕಾರದ ಮಂಡಲಿಯದು ಎಂಬುದು ತಿಳಿದದ್ದು ಇನ್ನೂ ತಡವಾಗಿ.

ಮುಳುಗುತ್ತಿದ್ದ ಒಂದು ಉದ್ಯಮವನ್ನು ಎತ್ತಲು ಸರ್ಕಾರ ಒಮ್ಮೆ ಕೈ ಚಾಚಿತು. ಆ ಕೈ ಮತ್ತೆ ಹಿಂದಕ್ಕೆ ಹೋಗಲು ಐವತ್ತಾರು ವರ್ಷ ಹಿಡಿಯಿತು. ಸಾಲದಲ್ಲಿ ಮುಳುಗಿದ ಕಂಪೆನಿಗಳನ್ನು ಸಾರ್ವಜನಿಕರ ಹಣದಿಂದ ಉಳಿಸಬೇಕೇ ಬೇಡವೇ ಎಂಬ ವಾದವನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅದು ದೆಹಲಿ, ಮುಂಬಯಿಗಳ ಮಾತೆಂದು ಪುಟ ತಿರುವುತ್ತೇವೆ. ಆ ವಾದದ ಎರಡು ಮುಖಗಳನ್ನೂ ಹತ್ತಿರದಿಂದ ನೋಡಬೇಕಾದರೆ ಮಂಜರಾಬಾದಿನ ಗುಡ್ಡಗಳಿಗಿಂತ ಒಳ್ಳೆಯ ಜಾಗವಿಲ್ಲ.

ಮಂಜರಾಬಾದ್ ಎಂಬುದು ಈಗಿನ ಸಕಲೇಶಪುರ ಸೀಮೆಯ ಹಳೆಯ ಹೆಸರು. ಟಿಪ್ಪು ಸುಲ್ತಾನ ೧೭೯೨ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಬಾಬಾ ಬುಡನ್ ತಂದರೆಂದು ಐತಿಹ್ಯ ಹೇಳುವ ಏಳು ಬೀಜಗಳ ಸಂತತಿ ಚಂದ್ರದ್ರೋಣ ಪರ್ವತದಿಂದ ಇಳಿದು ಈ ಗುಡ್ಡಗಳಿಗೆ ಹಬ್ಬಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ದೊರೆಗಳು ಇಲ್ಲಿ ತೋಟಗಳನ್ನು ಹಾಕಿದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬಾತ ಮಂಜರಾಬಾದಿನ ತನ್ನ ಅನುಭವಗಳನ್ನು ೧೮೭೧ರಲ್ಲಿ ಒಂದು, ೧೮೯೪ರಲ್ಲಿ ಒಂದು, ಹೀಗೆ ಎರಡು ಪುಸ್ತಕಗಳಾಗಿ ಬರೆದಿಟ್ಟ. ಈ ನಾಡಿನ ಗೌಡರ ನಡೆನುಡಿಗಳನ್ನೂ ತೋಟದ ಕಷ್ಟನಷ್ಟಗಳನ್ನೂ ತಿಳಿಯಬೇಕೆನ್ನುವವರಿಗೆ ಅವು ಇಂದಿಗೂ ಬೇಕಾಗುತ್ತವೆ.

ಆ ಕಾಲದಲ್ಲಿ ಸರ್ಕಾರಕ್ಕೂ ಕಾಫಿಗೂ ಇದ್ದ ಸಂಬಂಧ ಬಹು ಸರಳವಾದುದು. ಮಣಕ್ಕೆ ಇಷ್ಟು ಎಂದು ‘ಹಾಲತ್ತು’ ಎಂಬ ಸುಂಕವನ್ನು ಸರ್ಕಾರ ವಸೂಲು ಮಾಡುತ್ತಿತ್ತು. ಮುಂದೆ ಅದು ಹೋಗಿ ಎಕರೆಗೆ ಇಷ್ಟು ಎಂಬ ಕಂದಾಯ ಬಂತು. ಸುಂಕ ಕೊಟ್ಟ ಮೇಲೆ ಬೆಳೆ ಬೆಳೆದವನದು, ಲಾಭವೂ ಅವನದು, ನಷ್ಟವೂ ಅವನದು. ನಷ್ಟವೇನು ಕಡಮೆಯಾಗಿರಲಿಲ್ಲ. ಸುಮಾರು ೧೮೭೦ರ ಹೊತ್ತಿಗೆ ಕಾಂಡ ಕೊರೆಯುವ ಹುಳುವೂ ಎಲೆಯ ತುಕ್ಕುರೋಗವೂ ಒಟ್ಟೊಟ್ಟಿಗೆ ಬಂದವು. ಚಿಕ್ಕಮಗಳೂರಿನ ಹೆಸರಿನಿಂದ ‘ಚಿಕ್’ ಎಂದು ಕರೆಯುತ್ತಿದ್ದ ಹಳೆಯ ತಳಿ ಸೊರಗಿ ನೆಲಕಚ್ಚಿತು. ಎಷ್ಟೋ ತೋಟಗಳು ಹಾಳುಬಿದ್ದು ಮತ್ತೆ ಕಾಡಾದವು. ಯಾವ ಸರ್ಕಾರವೂ ಯಾರ ಸಾಲವನ್ನೂ ಮನ್ನಾ ಮಾಡಲಿಲ್ಲ. ಉಳಿದವರು ಕೊಡಗಿನಿಂದ ಬೇರೆ ಬೀಜ ತಂದು ನೆಟ್ಟು, ನೆರಳಿಗೆ ಮರಗಳನ್ನು ಬೆಳೆಸಿ, ಮತ್ತೆ ಮೊದಲಿನಿಂದ ಪ್ರಾರಂಭಿಸಿದರು. ಮುಂದೆ ೧೯೧೧ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರ ರೋಗವನ್ನು ತಾಳಿಕೊಂಡು ನಿಂತ ಗಿಡಗಳನ್ನು ಆರಿಸಿ, ಅವುಗಳ ಬೀಜದಿಂದ ಒಂದು ತಳಿಯನ್ನೇ ಬೆಳೆಸಿದ. ೧೯೨೫ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಸಂಶೋಧನ ಕೇಂದ್ರವನ್ನು ತೆರೆಯಿತು. ವಿದ್ಯೆಯನ್ನು ಕೊಟ್ಟು ವ್ಯಾಪಾರವನ್ನು ಬೆಳೆಗಾರನಿಗೇ ಬಿಟ್ಟ ಆ ಕೆಲಸವನ್ನು, ಸರ್ಕಾರದ ಕೈ ಚಿಕ್ಕದಾಗಿರಬೇಕೆನ್ನುವ ವ್ಯಕ್ತಿಸ್ವಾತಂತ್ರ್ಯವಾದಿಗಳೂ ಅಷ್ಟಾಗಿ ದೂರಲಾರರು.

ಬೆಲೆಯನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಮೊದಲು ಕೈಹಾಕಿದುದು ನಮ್ಮ ಸರ್ಕಾರವಲ್ಲ. ಬ್ರೆಜಿಲಿನ ಸಾವೊ ಪಾಲೊ ಸಂಸ್ಥಾನ ೧೯೦೬ರಲ್ಲಿ ಹೊರದೇಶದ ಸಾಲ ತಂದು ತನ್ನ ತೋಟಗಾರರ ಕಾಫಿಯನ್ನು ಕೊಂಡು ಉಗ್ರಾಣಗಳಲ್ಲಿ ತುಂಬಿತು. ಬೆಲೆ ಏರಿತು. ಏರಿದ ಬೆಲೆಯನ್ನು ನೋಡಿ ಬ್ರೆಜಿಲಿನವರೂ ಹೆಚ್ಚು ನೆಟ್ಟರು, ನೆರೆಯ ಕೊಲಂಬಿಯದವರೂ ಹೆಚ್ಚು ನೆಟ್ಟರು. ಇಪ್ಪತ್ತೈದು ವರ್ಷಗಳಲ್ಲಿ ಉಗ್ರಾಣಗಳು ತುಂಬಿ ಹೊರಚೆಲ್ಲಿದವು. ಕೊನೆಗೆ ೧೯೩೧ರಿಂದ ೧೯೪೪ರ ವರೆಗೆ ಆ ದೇಶ ೭ ಕೋಟಿ ೮೦ ಲಕ್ಷ ಮೂಟೆ ಕಾಫಿಯನ್ನು ಸುಟ್ಟು ಸಮುದ್ರಕ್ಕೆ ಸುರಿದು ನಾಶಮಾಡಿತು. ಬೆಲೆ ಎಂಬುದು ಬೆಳೆಗಾರನಿಗೆ ಬರುವ ಕಾಗದವಿದ್ದಂತೆ. ‘ಇನ್ನು ಸಾಕು’ ಎಂದು ಅದರಲ್ಲಿ ಬರೆದಿದ್ದರೆ, ಅದನ್ನು ತಿದ್ದಿ ‘ಇನ್ನೂ ಬೇಕು’ ಎಂದು ಓದಿಸಿದವನು ಮುಂದಿನ ಅನಾಹುತಕ್ಕೆ ಹೊಣೆಯಾಗುತ್ತಾನೆ.

ಆ ಅನಾಹುತದ ಅಲೆ ಸಕಲೇಶಪುರಕ್ಕೂ ಬಂದು ಬಡಿಯಿತು. ಮೂವತ್ತರ ದಶಕದಲ್ಲಿ ಬೆಲೆ ಕುಸಿದುದರಿಂದ ೧೯೩೫ರಲ್ಲಿ ಕಾಫಿಯ ಮೇಲೆ ಒಂದು ಸೆಸ್ಸು ಹಾಕಿ, ಆ ಹಣದಿಂದ ಕಾಫಿ ಕುಡಿಯುವ ರೂಢಿಯನ್ನು ಬೆಳೆಸಲು ಸಮಿತಿಯೊಂದನ್ನು ಮಾಡಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾಯಿತು. ಯೂರೋಪಿನ ಬಂದರುಗಳು ಮುಚ್ಚಿದವು, ಹಡಗುಗಳು ಇಲ್ಲವಾದವು, ಕಾಫಿ ಗೋದಾಮುಗಳಲ್ಲೆ ಉಳಿಯಿತು. ಆಗ ೧೯೪೦ರಲ್ಲಿ ಒಂದು ಸುಗ್ರೀವಾಜ್ಞೆಯೂ ಅದರ ಬೆನ್ನಿಗೆ ೧೯೪೨ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣ ಶಾಸನವೂ ಬಂದವು. ಅವುಗಳಿಂದ ಹುಟ್ಟಿದ ಮಂಡಲಿಯನ್ನೇ ನಾವು ಕಾಫಿ ಬೋರ್ಡ್ ಎನ್ನುತ್ತೇವೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ವರ್ಷ ಆ ಕೈ ಚಾಚದಿದ್ದರೆ ದೊಡ್ಡ ಕಂಪೆನಿಗಳ ತೋಟಗಳು ಹೇಗೋ ತಡೆದುಕೊಳ್ಳುತ್ತಿದ್ದುವು. ಹೆತ್ತೂರು, ಯಸಳೂರು, ಹಾನುಬಾಳುಗಳ ಸಣ್ಣ ಗೌಡರ ತೋಟಗಳು ಸಾಹುಕಾರರ ಪಾಲಾಗುತ್ತಿದ್ದುವು. ಯುದ್ಧ ಬೆಳೆಗಾರನ ತಪ್ಪಿನಿಂದ ಬಂದುದಲ್ಲ. ಆ ಹೊತ್ತಿನ ನೆರವನ್ನು ಹಳಿಯುವ ಎದೆ ನನಗಿಲ್ಲ. ಆದರೆ ೧೯೪೫ರಲ್ಲಿ ಯುದ್ಧ ಮುಗಿಯಿತು. ಪೂಲು ಮುಗಿಯಲಿಲ್ಲ. ಮಳೆ ಬಿಟ್ಟರೂ ಮರದ ಹನಿ ಬಿಡದು ಎಂಬ ಗಾದೆಯನ್ನು ಮಲೆನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಪೂಲಿನ ವ್ಯವಸ್ಥೆ ಹೀಗಿತ್ತು. ಮೊದಮೊದಲು ಬೆಳೆಯಲ್ಲಿ ಒಂದು ಪಾಲನ್ನು ಬೆಳೆಗಾರ ತಾನೇ ಒಳನಾಡಿನಲ್ಲಿ ಮಾರಬಹುದಾಗಿತ್ತು; ಬಳಿಕ ಅದೂ ಹೋಗಿ, ಮನೆಯ ಖರ್ಚಿಗೂ ಬೀಜಕ್ಕೂ ಬೇಕಾದಷ್ಟನ್ನು ಬಿಟ್ಟು ಇಡೀ ಬೆಳೆಯನ್ನು ಪೂಲಿಗೆ ಒಪ್ಪಿಸಬೇಕಾಯಿತು. ಹಣ್ಣು ಕಿತ್ತು, ಪಲ್ಪರಿನಲ್ಲಿ ತಿರುಳು ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟೋ, ಕಣದಲ್ಲಿ ಹಾಗೆಯೇ ಒಣಗಿಸಿದ ಚೆರ್ರಿಯೋ ಕ್ಯೂರಿಂಗ್ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ತೂಕ, ದರ್ಜೆ, ಅಂಕ. ಮಂಡಲಿಯವರು ಅದನ್ನು ಹರಾಜು ಹಾಕಿ, ಒಳನಾಡಿಗೆ ಎಷ್ಟು, ಹೊರನಾಡಿಗೆ ಎಷ್ಟು ಎಂದು ಹಂಚಿ, ತಮ್ಮ ಖರ್ಚನ್ನು ಕಳೆದು, ಉಳಿದುದನ್ನು ಅಂಕಗಳ ಪ್ರಕಾರ ಕಂತುಕಂತಾಗಿ ಬೆಳೆಗಾರನಿಗೆ ಕೊಡುತ್ತಿದ್ದರು. ಕೊನೆಯ ಕಂತು ಕೈಗೆ ಬರುವ ಹೊತ್ತಿಗೆ ಮುಂದಿನ ಬೆಳೆಯೂ ಕಣಕ್ಕೆ ಬಂದಿರುತ್ತಿತ್ತು. ಕಾನೂನಿನ ಮಾತು ಇನ್ನೂ ಖಚಿತವಾಗಿತ್ತು: ಕಾಫಿಯನ್ನು ಒಪ್ಪಿಸಿದ ಮೇಲೆ ಹಣ ಪಡೆಯುವ ಹಕ್ಕೊಂದನ್ನು ಬಿಟ್ಟು ಬೇರಾವ ಹಕ್ಕೂ ಅದರ ಮೇಲೆ ಬೆಳೆದವನಿಗೆ ಉಳಿಯುತ್ತಿರಲಿಲ್ಲ. ತಾನು ಬೆಳೆದ ಕಾಫಿಯನ್ನು ಹಾಸನದ ಅಂಗಡಿಯವನಿಗೆ ನೇರವಾಗಿ ಮಾರಿದ ರೈತ ಶಾಸನದ ದೃಷ್ಟಿಯಲ್ಲಿ ಅಪರಾಧಿ.

ಇದರಿಂದ ಒಳಿತಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬೆಲೆ ಒಮ್ಮೆಗೇ ಪಾತಾಳಕ್ಕೆ ಇಳಿಯುವ ಭಯ ತಪ್ಪಿತು. ಮಂಡಲಿಯ ಆಶ್ರಯದಲ್ಲಿ ಬಾಳೆಹೊನ್ನೂರಿನಿಂದ ಹೊರಬಂದ ಒಳ್ಳೆಯ ತಳಿಗಳು ಹಬ್ಬಿದವು. ನಮ್ಮ ಪಟ್ಟಣಗಳ ವಿದ್ಯಾವಂತರು ಗಂಟೆಗಟ್ಟಲೆ ಕುಳಿತು ರಾಜಕೀಯ, ಸಾಹಿತ್ಯಗಳನ್ನು ಚರ್ಚಿಸಿದ ಕಾಫಿಹೌಸುಗಳು ಆ ಮಂಡಲಿಯವೇ ಆಗಿದ್ದುವು. ಅದು ಅವನ್ನು ಮುಚ್ಚಲು ಹೊರಟಾಗ ೧೯೫೭ರಲ್ಲಿ ನೌಕರರು ಬೆಂಗಳೂರಿನಿಂದ ಮೊದಲ್ಗೊಂಡು ಸಹಕಾರ ಸಂಘಗಳನ್ನು ಕಟ್ಟಿ ತಾವೇ ನಡೆಸಿದರು. ೧೯೫೦–೫೧ರಲ್ಲಿ ಸುಮಾರು ೧೯ ಸಾವಿರ ಟನ್ನಿದ್ದ ದೇಶದ ಕಾಫಿ ಬೆಳೆ ಪೂಲಿನ ಕಾಲದಲ್ಲಿ ಅನೇಕ ಪಟ್ಟು ಬೆಳೆಯಿತು. ಹೀಗಾಗಿ ಅದನ್ನು ಬರಿಯ ಶನಿಯೆಂದು ಚಿತ್ರಿಸುವುದು ಚರಿತ್ರೆಯಾಗದು. ಪ್ರಶ್ನೆ ಬೇರೆ. ಈ ಭದ್ರತೆಗೆ ತೆತ್ತ ಬೆಲೆ ಏನು, ತೆತ್ತವರು ಯಾರು? ಒಳ್ಳೆಯ ಕಾಫಿಯನ್ನು ಕಷ್ಟಪಟ್ಟು ಹದಮಾಡಿದವನೂ ಉದಾಸೀನ ಮಾಡಿದವನೂ ಒಂದೇ ರಾಶಿಯಲ್ಲಿ ಬೆರೆತರು. ದರ್ಜೆಯ ಅಂಕಗಳು ಅವರ ನಡುವಿನ ಅಂತರವನ್ನು ಪೂರ್ತಿಯಾಗಿ ಅಳೆಯಲಾರವು. ಕಂತು ಬರುವ ತನಕ ಕಾಯಲಾರದ ಸಣ್ಣವನು ಸಾಲ ಮಾಡಿದ. ಕಾಯಬಲ್ಲ ದೊಡ್ಡವನು ಕಾದ. ಎಲ್ಲರನ್ನೂ ಸಮನಾಗಿ ಕಾಪಾಡಲು ಬಂದ ಏರ್ಪಾಟಿನಲ್ಲೂ ಹಗುರವಾದ ಜೇಬಿಗೇ ಭಾರ ಹೆಚ್ಚು ಬಿದ್ದಿತು.

ಸರ್ಕಾರದ ಕೈ ಎಲ್ಲಿರುತ್ತದೆಯೋ ಅಲ್ಲಿಗೆ ಪಕ್ಷಗಳೂ ಬರುತ್ತವೆ. ಕೈಯನ್ನು ಹಿಡಿದಿರುವವರು ಅವರೇ ತಾನೆ! ಈ ಮಾತನ್ನು ಸ್ವತಂತ್ರ ಭಾರತದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ರಾಜಾಜಿ. ೧೯೫೯ರ ಜನವರಿಯಲ್ಲಿ ಕಾಂಗ್ರೆಸ್ಸು ನಾಗಪುರದಲ್ಲಿ ಕೂಡು ಬೇಸಾಯದ ನಿರ್ಣಯವನ್ನು ಸ್ವೀಕರಿಸಿತು. ಅದೇ ವರ್ಷ ರಾಜಾಜಿ, ಮೀನೂ ಮಸಾನಿ, ಎನ್.ಜಿ. ರಂಗಾ ಮೊದಲಾದವರು ಸೇರಿ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. ಪರ್ಮಿಟ್–ಲೈಸೆನ್ಸ್–ಕೋಟಾ ರಾಜ್ಯ ಎಂದು ರಾಜಾಜಿ ಇಟ್ಟ ಹೆಸರು ದೇಶದಲ್ಲೆಲ್ಲ ಮನೆಮಾತಾಯಿತು. ಅವರ ವಾದದ ತಿರುಳು ಇಷ್ಟೆ: ಪರವಾನಗಿ ಕೊಡುವ ಅಧಿಕಾರ ಪಕ್ಷದ ಕೈಯಲ್ಲಿದ್ದರೆ ವ್ಯಾಪಾರಿ ಗಿರಾಕಿಯ ಮನೆ ಬಿಟ್ಟು ಮಂತ್ರಿಯ ಮನೆಗೆ ಹೋಗುತ್ತಾನೆ, ಪಕ್ಷದ ಹುಂಡಿ ತುಂಬುತ್ತದೆ, ಹುಂಡಿಗೆ ಹಾಕಿದವನು ಮುಳುಗುವಾಗ ಅವನನ್ನು ಎತ್ತುವುದು ಪಕ್ಷಕ್ಕೆ ಅನಿವಾರ್ಯವಾಗುತ್ತದೆ.

ಅವರ ಈ ಮಾತಿಗೆ ನಿದರ್ಶನ ಆಗಲೇ ದೊರೆತಿತ್ತು. ೧೯೫೬ರಲ್ಲಿ ಜೀವವಿಮೆಯನ್ನು ರಾಷ್ಟ್ರೀಕರಿಸಿ ನಿಗಮವನ್ನು ಸ್ಥಾಪಿಸಿದರು. ಮರುವರ್ಷವೇ ಆ ನಿಗಮ ಹರಿದಾಸ ಮುಂದ್ರಾ ಎಂಬ ವ್ಯಾಪಾರಿಯ ಆರು ಕಂಪೆನಿಗಳ ಷೇರುಗಳನ್ನು, ತನ್ನದೇ ಹೂಡಿಕೆಯ ಸಮಿತಿಯನ್ನು ಕೇಳದೆ, ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಲೋಕಸಭೆಯಲ್ಲಿ ಅದನ್ನು ಬಯಲಿಗೆಳೆದವರು ವಿರೋಧ ಪಕ್ಷದವರಲ್ಲ. ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿ. ಛಾಗ್ಲಾ ಆಯೋಗದ ವಿಚಾರಣೆ ನಡೆದು, ೧೯೫೮ರ ಫೆಬ್ರವರಿಯಲ್ಲಿ ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಶಾಲೆಯ ಮೇಷ್ಟರೂ ಅಂಚೆಯ ಗುಮಾಸ್ತರೂ ಕಟ್ಟಿದ ವಿಮೆಯ ಕಂತು ಕಲ್ಕತ್ತೆಯ ಒಬ್ಬ ವ್ಯಾಪಾರಿಯ ಭಾರವನ್ನು ಹೊತ್ತಿತ್ತು. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಟೀಕೆ ಬೇಕಿಲ್ಲ.

೧೯೬೭ರ ಚುನಾವಣೆಯಲ್ಲಿ ಸ್ವತಂತ್ರ ಪಕ್ಷ ಲೋಕಸಭೆಯಲ್ಲಿ ೪೪ ಸ್ಥಾನಗಳನ್ನು ಗೆದ್ದು ಅತಿ ದೊಡ್ಡ ವಿರೋಧ ಪಕ್ಷವಾಯಿತು. ಮೈಸೂರು ವಿಧಾನಸಭೆಯಲ್ಲಿ ಅದಕ್ಕೆ ೧೬ ಸ್ಥಾನ ದೊರೆತವು. ಇಂದಿನ ಓದುಗರಲ್ಲಿ ಬಹುಮಂದಿಗೆ ತಿಳಿಯದ ಒಂದು ಸಂಗತಿಯುಂಟು: ಆ ವರ್ಷ ಹಾಸನ ಲೋಕಸಭಾ ಕ್ಷೇತ್ರದಿಂದ ಆರಿಸಿಬಂದವರು ಸ್ವತಂತ್ರ ಪಕ್ಷದ ಎನ್. ಶಿವಪ್ಪನವರು. ಮುಂದೆ ಒಬ್ಬ ಪ್ರಧಾನಿಯನ್ನೇ ಕೊಟ್ಟ ಈ ಜಿಲ್ಲೆ, ಸರ್ಕಾರ ದೂರವಿರಲಿ ಎಂದು ಸಾರುತ್ತಿದ್ದ ಪಕ್ಷಕ್ಕೂ ಒಮ್ಮೆ ಓಟು ಕೊಟ್ಟಿತ್ತು.

ಆದರೆ ಆ ಪಕ್ಷದ ಚರಿತ್ರೆಯೂ ಕಲೆಯಿಲ್ಲದ ಬಟ್ಟೆಯಲ್ಲ. ೧೯೬೧ರಲ್ಲಿ ಜೆ.ಆರ್.ಡಿ. ಟಾಟಾ ಅವರು ನೆಹರೂ ಅವರಿಗೆ ಕಾಗದ ಬರೆದು, ಕಾಂಗ್ರೆಸ್ಸಿಗೆ ಕೊಡುವುದರ ಜತೆಗೆ ಸ್ವತಂತ್ರ ಪಕ್ಷಕ್ಕೂ ಧನಸಹಾಯ ಮಾಡಲಿರುವುದಾಗಿ ತಿಳಿಸಿದರು. ಬಚ್ಚಿಡದೆ ಹೇಳಿದ ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೂ ದೊಡ್ಡ ಉದ್ಯಮದ ಹಣದಿಂದ ನಡೆಯುವ ಪಕ್ಷ ದೊಡ್ಡ ಉದ್ಯಮದ ತಪ್ಪನ್ನು ಎಷ್ಟರ ಮಟ್ಟಿಗೆ ಎತ್ತಿ ಆಡೀತು? ಅದು ಶ್ರೀಮಂತರ ಪಕ್ಷವೆಂಬ ಅಪವಾದ ಹತ್ತಿಕೊಂಡುದು ಬರಿಯ ಎದುರಾಳಿಗಳ ಕುತಂತ್ರದಿಂದಲೇ ಅಲ್ಲ. ೧೯೭೨ರಲ್ಲಿ ರಾಜಾಜಿ ತೀರಿಕೊಂಡರು. ೧೯೭೪ರಲ್ಲಿ ಪಕ್ಷ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಅದರ ಒಂದು ಒಳ್ಳೆಯ ನಡೆ ಮಾತ್ರ ನೆನೆಯುವಂತಹುದು. ಮೂಲತತ್ತ್ವಗಳನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಸದಸ್ಯರು ತಮ್ಮ ಮನಸ್ಸಾಕ್ಷಿಯಂತೆ ನಡೆಯಬಹುದೆಂದು ಆ ಪಕ್ಷ ಒಪ್ಪಿತ್ತು. ೧೯೮೫ರಲ್ಲಿ ಬಂದ ಪಕ್ಷಾಂತರ ನಿಷೇಧದ ತಿದ್ದುಪಡಿ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿಯಿತು. ಅಂದಿನಿಂದ ಪಕ್ಷದ ವಿಪ್ಪನ್ನು ಮೀರಿ ಓಟು ಮಾಡಿದವನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಇನ್ನೊಬ್ಬ ಫಿರೋಜ್ ಗಾಂಧಿ ಇಂದು ಸ್ವಪಕ್ಷದ ಸರ್ಕಾರದ ವಿರುದ್ಧ ಮಾತಾಡಬಹುದು. ಅದರ ವಿರುದ್ಧ ಓಟು ಹಾಕುವುದು ಮಾತ್ರ ದುಬಾರಿ.

ಪೂಲಿನ ಕಡೆಯ ದಿನಗಳಿಗೆ ಬರೋಣ. ೧೯೮೮ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ವಿಚಿತ್ರವಾದ ವ್ಯಾಜ್ಯ ತೀರ್ಮಾನಕ್ಕೆ ಬಂತು. ಮಂಡಲಿ ಬೆಳೆಗಾರರಿಂದ ಕಾಫಿಯನ್ನು ಕೊಂಡುದಕ್ಕೆ ಕರ್ನಾಟಕ ಸರ್ಕಾರ ಖರೀದಿ ತೆರಿಗೆ ಕೇಳಿತು. ಮಂಡಲಿಯ ಉತ್ತರ: ನಾವು ಕೊಂಡಿಲ್ಲ, ಶಾಸನದ ಬಲದಿಂದ ಕಡ್ಡಾಯವಾಗಿ ವಶಪಡಿಸಿಕೊಂಡಿದ್ದೇವೆ, ಆದುದರಿಂದ ತೆರಿಗೆ ಇಲ್ಲ. ನ್ಯಾಯಾಲಯ ಆ ವಾದವನ್ನು ಒಪ್ಪದೆ, ಇದು ಮಾರಾಟವೇ ಎಂದು ತೀರ್ಪು ಕೊಟ್ಟಿತು. ತೀರ್ಪಿನ ನ್ಯಾಯಸೂಕ್ಷ್ಮ ವಕೀಲರಿಗೆ ಇರಲಿ. ಬೆಳೆಗಾರನನ್ನು ಉಳಿಸಲು ಹುಟ್ಟಿದ ಮಂಡಲಿ, ತಾನು ಅವನ ಒಪ್ಪಿಗೆಯಿಂದ ಕೊಂಡವನಲ್ಲ, ಕಾನೂನಿನ ಬಲದಿಂದ ತೆಗೆದುಕೊಂಡವನು ಎಂದು ದೇಶದ ಅತ್ಯುಚ್ಚ ನ್ಯಾಯಾಲಯದಲ್ಲಿ ತಾನಾಗಿ ಹೇಳಿಕೊಂಡಿತಲ್ಲ! ಪೂಲಿನ ಟೀಕಾಕಾರರು ಅದಕ್ಕಿಂತ ಹೆಚ್ಚೇನನ್ನೂ ಹೇಳಿರಲಿಲ್ಲ.

ಅದರ ಮುಂದಿನ ವರ್ಷ, ೧೯೮೯ರ ಜುಲೈಯಲ್ಲಿ, ದೇಶದೇಶಗಳ ನಡುವಣ ಕಾಫಿ ಒಪ್ಪಂದದ ಕೋಟಾ ಕಟ್ಟು ಮುರಿಯಿತು. ೧೯೯೧ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ೧೯೯೨ರಲ್ಲಿ ಬೆಳೆಯ ನೂರಕ್ಕೆ ೩೦ ಭಾಗವನ್ನು ಬೆಳೆಗಾರನೇ ಒಳನಾಡಿನಲ್ಲಿ ಮಾರಬಹುದೆಂದಾಯಿತು, ಮರುವರ್ಷ ೫೦ ಭಾಗವನ್ನು ಎಲ್ಲಿ ಬೇಕಾದರೂ ಮಾರಬಹುದೆಂದಾಯಿತು, ಬಳಿಕ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಡುಗಡೆ, ೧೯೯೬ರಲ್ಲಿ ಎಲ್ಲರಿಗೂ. ನಡುವೆ ೧೯೯೪ರ ಬೇಸಗೆಯ ಬಳಿಕ ಬ್ರೆಜಿಲಿನಲ್ಲಿ ಕಡುಮಂಜು ಬಿದ್ದು ಅವರ ಗಿಡಗಳು ಸುಟ್ಟವು. ಇಲ್ಲಿ ಬೆಲೆ ಗಗನಕ್ಕೇರಿತು. ಆ ವರ್ಷ ನಮ್ಮ ಸುತ್ತಿನ ಊರುಗಳಲ್ಲಿ ಹೊಸ ಜೀಪುಗಳು ಬಂದವು, ಮದುವೆಗಳು ಜೋರಾದವು, ಗದ್ದೆಯ ಅಂಚಿನ ಬೋರೆಗೂ ಕಾಫಿ ನೆಟ್ಟರು. ನಮ್ಮ ತಂದೆ ಮೊದಲ ಸಲ ತಾನೇ ಬೆಲೆ ಕೇಳಿ, ತಾನೇ ಒಪ್ಪಿ, ತಾನೇ ಮಾರಿ, ನೋಟುಗಳನ್ನು ಎರಡು ಸಲ ಎಣಿಸಿದುದು ನನಗೆ ನೆನಪಿದೆ. ಅಂದು ಅವರ ಮುಖದಲ್ಲಿ ಕಂಡದ್ದು ಹಣದ ಸಂತೋಷ ಮಾತ್ರವಲ್ಲ.

ಆ ಸಂತೋಷ ಬಹುಕಾಲ ಉಳಿಯಲಿಲ್ಲ. ವಿಯೆಟ್ನಾಮು ರೊಬಸ್ಟವನ್ನು ವಿಪರೀತವಾಗಿ ಬೆಳೆಯತೊಡಗಿತು, ಬ್ರೆಜಿಲು ಚೇತರಿಸಿಕೊಂಡಿತು, ನಮ್ಮ ಬೆಳೆಯೂ ೨೦೦೦–೦೧ರಲ್ಲಿ ೩ ಲಕ್ಷ ಟನ್ ಮುಟ್ಟಿತು. ೧೯೯೭ರಲ್ಲಿ ಪೌಂಡಿಗೆ ೩ ಡಾಲರನ್ನು ದಾಟಿದ್ದ ಅರಾಬಿಕದ ವಿಶ್ವಬೆಲೆ ಮಣ್ಣುಪಾಲಾಯಿತು. ೨೦೦೧ರಲ್ಲಿ ಕಾಫಿಯ ಸರಾಸರಿ ಬೆಲೆ ೪೬ ಸೆಂಟಿಗೆ ಇಳಿದಿತ್ತು. ಕೀಳುವ ಕೂಲಿಯೂ ಹುಟ್ಟದೆಂದು ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟರು. ನಾನು ಆಗ ಎಂ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಹೋದಾಗ ಬೆಳೆಗಾರರು ಪರಿಹಾರ ಕೇಳಿ ಸಭೆ ಸೇರಿದ್ದರು. ತಂದೆಯೂ ಹೋಗಿ ಬಂದರು. ಜಗಲಿಯ ಮೇಲೆ ಕೂತು ಅವರು ಹೇಳಿದ ಮಾತು ಇದು: ‘ಅವತ್ತು ಸರ್ಕಾರ ನಮ್ಮ ಬೆಳೆ ಮುಟ್ಟಬಾರದು ಅಂದ್ವಿ. ಇವತ್ತು ನಮ್ಮ ಸಾಲ ಮುಟ್ಲಿ ಅಂತೀವಿ. ಎರಡೂ ನಾವೇ ಅಂದಿದ್ದು, ಮಗ.’

೨೦೦೨ರಲ್ಲಿ ಸಾಲಗಳ ಕಾಲಾವಧಿಯನ್ನು ವಿಸ್ತರಿಸಿದರು. ಅದು ಸಾಲದೆ ೨೦೧೦ರಲ್ಲಿ ಸಣ್ಣ ಬೆಳೆಗಾರರಿಗೆ ಋಣಪರಿಹಾರದ ಯೋಜನೆ ಬಂತು. ನಮ್ಮ ತೋಟದ ಸಾಲದ ಬಾಬತ್ತೂ ಆ ಪಟ್ಟಿಯಲ್ಲಿತ್ತು. ನಾವು ಬೇಡವೆನ್ನಲಿಲ್ಲ. ಇದನ್ನು ಹೇಳದೆ ಮುಚ್ಚಿಟ್ಟು ಕಂಪೆನಿಗಳ ವಿಚಾರದಲ್ಲಿ ನ್ಯಾಯ ಮಾತಾಡಿದರೆ ಓದುಗರಿಗೆ ವಂಚನೆ ಮಾಡಿದಂತಾಗುತ್ತದೆ.

ಒಂದು ಸಂಗತಿಯನ್ನು ಮಾತ್ರ ಆಗಲೇ ಗ್ರಹಿಸಿದ್ದೆ. ಪರಿಹಾರ ಬಂದುದು ಸಾಲದ ಖಾತೆಗಳಿಗೆ. ಎಂದರೆ ಖಾತೆ ಇದ್ದವರಿಗೆ. ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬಂದು ತಲೆಮಾರುಗಳಿಂದ ಲೈನುಮನೆಗಳಲ್ಲಿ ಬಾಳುತ್ತಿದ್ದ ಕೂಲಿಯವರಿಗೆ ಖಾತೆಯೆಲ್ಲಿ? ಕೆಲಸ ಕಡಮೆಯಾದಾಗ ಅವರಿಗೆ ಬಂದುದು ‘ನಾಳೆಯಿಂದ ಬರಬೇಡಿ’ ಎಂಬ ಮೇಸ್ತ್ರಿಯ ಮಾತು. ಮುಳುಗುವವರನ್ನು ಎತ್ತುವ ದೋಣಿ ಯಾವಾಗಲೂ ಸಾಲಗಾರನನ್ನೂ ಅವನಿಗೆ ಸಾಲ ಕೊಟ್ಟವನನ್ನೂ ಮೊದಲು ಹತ್ತಿಸಿಕೊಳ್ಳುತ್ತದೆ. ನೀರಿನಲ್ಲೆ ಉಳಿಯುವವನು ದುಡಿದವನು.

ಇದೇ ಚಿತ್ರವನ್ನು ಸಾವಿರ ಪಟ್ಟು ಹಿಗ್ಗಿಸಿದರೆ ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯಿದ್ದ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಕಥೆ ಕಾಣುತ್ತದೆ. ಅದರ ಒಡೆಯ ವಿಜಯ ಮಲ್ಯ ೨೦೦೨ರಲ್ಲೂ ೨೦೧೦ರಲ್ಲೂ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿಹೋದವರು. ಎರಡು ಸಲವೂ ಪಕ್ಷೇತರ. ಎಂದರೆ ಬೇರೆಬೇರೆ ಪಕ್ಷಗಳ ಶಾಸಕರ ಓಟು ಪಡೆದು ಗೆದ್ದ ಪಕ್ಷೇತರ. ಸ್ಟೇಟ್ ಬ್ಯಾಂಕಿನ ಮುಂದಾಳ್ತನದಲ್ಲಿ ಬ್ಯಾಂಕುಗಳು ಸಂಸ್ಥೆಯ ಸಾಲಕ್ಕೆ ಹೊಸ ಕರಾರು ಬರೆದು, ೨೦೧೧ರಲ್ಲಿ ಸಾಲದ ಒಂದು ಪಾಲನ್ನು ಮಾರುಕಟ್ಟೆಯ ಧಾರಣೆಗಿಂತ ಹೆಚ್ಚಿನ ಬೆಲೆ ಕಟ್ಟಿ ಷೇರುಗಳಾಗಿ ಮಾಡಿಕೊಂಡವು. ಮರುವರ್ಷ ವಿಮಾನಗಳು ನಿಂತವು. ನೌಕರರ ತಿಂಗಳುಗಟ್ಟಲೆಯ ಸಂಬಳ ಬಾಕಿ ಉಳಿಯಿತು. ೨೦೧೬ರ ಮಾರ್ಚಿಯಲ್ಲಿ ಒಡೆಯರು ದೇಶ ಬಿಡುವ ಹೊತ್ತಿಗೆ ಬ್ಯಾಂಕುಗಳು ಕೇಳುತ್ತಿದ್ದ ಬಾಕಿ, ಬಡ್ಡಿಯೂ ಸೇರಿ, ಸುಮಾರು ೯ ಸಾವಿರ ಕೋಟಿ. ಮುಂದೆ ಸ್ವತ್ತುಗಳನ್ನು ಜಪ್ತಿಮಾಡಿ ಮಾರಿ ಹಣ ವಸೂಲಾಯಿತೆಂಬುದು ನಿಜ. ಆದರೆ ಆ ವಸೂಲಿ ಮೊದಲೇ ಆಗದೆ, ಸೋತ ಸಂಸ್ಥೆಗೆ ಇನ್ನಷ್ಟು ಸೋಲಲು ಅವಕಾಶ ಕೊಟ್ಟುದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಆರೆಕರೆಯವನ ಬಾಗಿಲಿಗೆ ನೋಟೀಸು ಬರುವ ವೇಗ ಎಲ್ಲರಿಗೂ ಗೊತ್ತು.

ರಾಜಾಜಿಯವರ ಹುಂಡಿಯ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ಕಂಪೆನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು ೧೯೬೯ರಲ್ಲಿ ನಿಷೇಧಿಸಿದರು. ೧೯೮೫ರಲ್ಲಿ ಮತ್ತೆ ಬಿಟ್ಟರು. ೨೦೧೭ರಲ್ಲಿ ಇದ್ದ ಮಿತಿಯನ್ನೂ ತೆಗೆದು, ೨೦೧೮ರಲ್ಲಿ ಕೊಟ್ಟವರ ಹೆಸರು ಜನರಿಗೆ ತಿಳಿಯದಂತಹ ಚುನಾವಣಾ ಬಾಂಡುಗಳನ್ನು ತಂದರು. ೨೦೨೪ರ ಫೆಬ್ರವರಿ ೧೫ರಂದು ಸುಪ್ರೀಂ ಕೋರ್ಟು ಅವನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಬಾಂಡುಗಳ ಮೂಲಕ ಹಣ ಪಡೆದವರಲ್ಲಿ ಆಳುವವರೂ ಇದ್ದರು, ವಿರೋಧಿಸುವವರೂ ಇದ್ದರು. ಕಂಪೆನಿಗಳನ್ನು ಎತ್ತುವ ವಿಷಯದಲ್ಲಿ ಪಕ್ಷಗಳ ನಡುವೆ ನಾವು ಕಾಣುವ ಜಗಳ ಯಾರನ್ನು ಎತ್ತಬೇಕೆಂಬುದರ ಬಗೆಗೆ. ಎತ್ತಲೇಬೇಕೇ ಎಂಬುದರ ಬಗೆಗಲ್ಲ.

ಹಾಗಾದರೆ ವ್ಯಕ್ತಿಸ್ವಾತಂತ್ರ್ಯವಾದಿಗಳು ಹೇಳುವಂತೆ ಯಾರನ್ನೂ ಎಂದೂ ಎತ್ತಬಾರದೇ? ೧೯೪೦ರ ಹೆತ್ತೂರಿನ ಗೌಡನನ್ನು ನೆನೆದಾಗ ನನಗೆ ಅಷ್ಟು ಖಡಾಖಂಡಿತವಾಗಿ ಹೇಳಲಾಗದು. ಆದರೆ ಅವರ ತತ್ತ್ವದಿಂದ ಕಲಿಯಬಹುದಾದ ಕಟ್ಟುಪಾಡುಗಳುಂಟು. ನೆರವಿಗೆ ಬರುವ ಸರ್ಕಾರ ಬರುವ ದಿನವೇ ಹೋಗುವ ದಿನವನ್ನೂ ಬರೆದಿಡಬೇಕು. ನೆರವಿನ ಹಣ ಯಾರ ಜೇಬಿನಿಂದ ಬಂತೆಂಬುದನ್ನು ಬಯಲಿನಲ್ಲಿ ಹೇಳಬೇಕು. ಲಾಭದ ಕಾಲದಲ್ಲಿ ಉಂಡವನು ನಷ್ಟದ ಕಾಲದಲ್ಲಿ ಮೊದಲು ತನ್ನದನ್ನು ಕಳೆದುಕೊಂಡ ಮೇಲೆಯೇ ಊರವರ ಮುಂದೆ ಕೈಯೊಡ್ಡಬೇಕು; ಈ ನಿಯಮ ಕೋಟಿಗಳ ಕಂಪೆನಿಗೂ ನಮ್ಮ ಐದಾರು ಎಕರೆಗೂ ಒಂದೇ ಆಗಿರಬೇಕು. ಕಾಫಿಯ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಸಣ್ಣವರವು. ಸಣ್ಣವರ ಸಂಕಟವನ್ನು ಮುಂದೆ ಹಿಡಿದು ದೊಡ್ಡವರು ದಾಟಿಹೋಗದಂತೆ ಕಾಯುವುದು ಆಗ ಮಾತ್ರ ಸಾಧ್ಯ.

೨೦೨೪ರಿಂದ ಈಚೆಗೆ ಕಾಫಿಗೆ ಮತ್ತೆ ಹಿಂದೆಂದೂ ಕಾಣದಂತಹ ಬೆಲೆ ಬಂತು. ಕಳೆದ ಸಲ ಊರಿಗೆ ಹೋದಾಗ ಗದ್ದೆಗಳ ಅಂಚಿಗೆ ಹೊಸ ಗಿಡಗಳು ಬಂದಿದ್ದುದನ್ನು ಕಂಡೆ. ಪರಿಹಾರದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಸರ್ಕಾರ ತೆರಿಗೆ ಹಾಕದೆ ತನ್ನ ಪಾಡಿಗೆ ತಾನಿದ್ದರೆ ಸಾಕೆಂದು ಒಬ್ಬರು ಹೇಳಿದರು. ತಂದೆಯವರು ನಕ್ಕು ಸುಮ್ಮನಾದರು. ಜಗಲಿಯ ಆಚೆ ಮಳೆ ನಿಂತು ಅರ್ಧ ಗಂಟೆಯಾಗಿತ್ತು. ತೋಟದಲ್ಲಿ ಸಿಲ್ವರ್ ಮರಗಳು ಇನ್ನೂ ತೊಟ್ಟಿಕ್ಕುತ್ತಿದ್ದುವು. ಮಳೆ ಬಂದಾಗ ಮರದ ಕೆಳಗೆ ನಿಲ್ಲುವುದು ತಪ್ಪಲ್ಲ. ಮಳೆ ಬಿಟ್ಟಿತೆಂದು ತಿಳಿಯದೆ ಅಲ್ಲಿಯೇ ನಿಂತು ನೆನೆಯುವುದು ಮಾತ್ರ ನಾವಾಗಿ ತಂದುಕೊಂಡ ಕಷ್ಟ.